ಕರ್ನಲ್ ‘ಇಲ್ಲ’ ಅಂದಿತೋ, ‘ಕೂಡದು’ ಅಂದಿತೋ? ಕಂಟೈನರ್ ಒಳಗೆ ಥ್ರೆಡ್ ಹುಟ್ಟದಿದ್ದಾಗ ಹುಡುಕುವ ದಾರಿ

ಲಕ್ಷಣ

ಪ್ರೋಗ್ರಾಂ ಮುಟ್ಟಿಲ್ಲ, ಸರ್ವರ್ ಮುಟ್ಟಿಲ್ಲ. ಕಂಟೈನರ್ (ಪ್ರೋಗ್ರಾಮನ್ನು ಬೇರ್ಪಡಿಸಿ ಓಡಿಸುವ ಪೆಟ್ಟಿಗೆ) ಇಮೇಜಿನ ಬುಡವನ್ನಷ್ಟೇ ಉಬುಂಟು 20.04ರಿಂದ 22.04ಕ್ಕೆ ಏರಿಸಿದ್ದೀರಿ. ಆಮೇಲೆ ಸರ್ವಿಸ್ ಏಳುತ್ತಲೇ ಇಲ್ಲ. ಪೈಥಾನ್ ಆದರೆ ‘ಕಾಂಟ್ ಸ್ಟಾರ್ಟ್ ನ್ಯೂ ಥ್ರೆಡ್’ ಎನ್ನುತ್ತದೆ. ಕರ್ಲ್ ಆದರೆ ಹೆಸರು ಹುಡುಕುವ ಥ್ರೆಡ್ ಶುರುವಾಗಲಿಲ್ಲ ಎನ್ನುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದಾದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ಹೇಳಿ ಅಲ್ಲೇ ಕುಸಿಯುತ್ತದೆ.

ನನಗೆ ಇದು ಎದುರಾದದ್ದು ಒಂದು ಸಂಸ್ಥೆಯ ಹಳೆಯ ಸರ್ವರಿನಲ್ಲಿ. ಅಲ್ಲಿ ಕೆಲಸಕ್ಕಿದ್ದ ಹುಡುಗ ಬೆಳಗ್ಗೆ ಏಳಕ್ಕೇ ಫೋನ್ ಮಾಡಿದ.

‘ಸರ್, ರಾತ್ರಿ ಇಮೇಜ್ ಹೊಸದು ಮಾಡಿದ್ವಿ. ಆವಾಗ್ಲಿಂದ ಥ್ರೆಡ್ಡೇ ಹುಟ್ತಿಲ್ಲ. ರೂಟ್ ಆಗಿ ಓಡಿಸಿದ್ರೂ ಪರ್ಮಿಷನ್ ಇಲ್ಲ ಅಂತಿದೆ.’

‘ನಿಮ್ಮ ಲ್ಯಾಪ್‌ಟಾಪ್‌ನಲ್ಲಿ?’

‘ಅಲ್ಲಿ ಚೆನ್ನಾಗೇ ಓಡತ್ತೆ ಸರ್. ಅದೇ ಇಮೇಜು.’

ಥ್ರೆಡ್ ಹುಟ್ಟಲಿಲ್ಲ ಎಂದ ಕೂಡಲೇ ನಮ್ಮ ಕೈ ಹೋಗುವುದು ಮೆಮೊರಿಯ ಕಡೆಗೆ, ಬಳಕೆದಾರನಿಗಿರುವ ಪ್ರೊಸೆಸ್ ಮಿತಿಯ ಕಡೆಗೆ, ಪ್ರೊಸೆಸ್ ಗುಂಪುಗಳಿಗೆ ಮಿತಿ ಹಾಕುವ ಸಿ-ಗ್ರೂಪಿನ ಪಿಡ್ (ಪ್ರೊಸೆಸ್ ಸಂಖ್ಯೆ) ಮಿತಿಯ ಕಡೆಗೆ. ಅವನೂ ರಾತ್ರಿಯಿಡೀ ಆ ಮಿತಿಗಳನ್ನೇ ಏರಿಸುತ್ತ ಕೂತಿದ್ದ. ಪ್ರೊಸೆಸ್ ಮಿತಿ, ಪಿಡ್ ಮಿತಿ ಮುಟ್ಟಿದಾಗ ಬರುವ ಉತ್ತರ ಇ-ಅಗೇನ್, ಸಂಖ್ಯೆ 11. ಇಲ್ಲಿ ಬಂದದ್ದು ಇ-ಪರ್ಮ್, ಸಂಖ್ಯೆ 1. ಈ ವ್ಯತ್ಯಾಸವನ್ನು ಮೊದಲೇ ನೋಡಿದ್ದರೆ ಆ ರಾತ್ರಿ ಉಳಿಯುತ್ತಿತ್ತು. ಅದಕ್ಕೇ ಈ ಬರಹದಲ್ಲಿ ಪ್ರತಿ ದೋಷದ ಹೆಸರಿನ ಪಕ್ಕ ಎಕ್ಸ್86 ಲಿನಕ್ಸ್‌ನಲ್ಲಿ ಅದಕ್ಕಿರುವ ಸಂಖ್ಯೆಯನ್ನೂ ಕೊಡುತ್ತೇನೆ. ಪ್ರೋಗ್ರಾಂ ಹೇಳುವ ವಾಕ್ಯ ಭಾಷೆಯಿಂದ ಭಾಷೆಗೆ, ಲೈಬ್ರರಿಯಿಂದ ಲೈಬ್ರರಿಗೆ ಬದಲಾಗುತ್ತದೆ. ಸಂಖ್ಯೆ ಬದಲಾಗುವುದಿಲ್ಲ.

ಸಂಖ್ಯೆ ಹಿಡಿಯುವುದು

ಪ್ರೋಗ್ರಾಂ ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಮಾಡುವ ಕರೆಗಳನ್ನು (ಸಿಸ್ಟಂ ಕಾಲ್) ತೋರಿಸುವ ಎಸ್‌ಟ್ರೇಸ್ ಬೇಕು. ಕಂಟೈನರ್ ಒಳಗೇ ಅದನ್ನು ಓಡಿಸಲು ಹೋದರೆ ಹಳೆಯ ವ್ಯವಸ್ಥೆಗಳಲ್ಲಿ ಅದು ನೆಚ್ಚಿಕೊಂಡ ಪಿಟ್ರೇಸ್ ಕರೆಗೇ ಅನುಮತಿ ಇರುವುದಿಲ್ಲ, ಒಂದು ತೊಡಕಿನ ಮೇಲೆ ಇನ್ನೊಂದು ಕೂರುತ್ತದೆ. ಅದಕ್ಕಿಂತ ಹೊರಗಿನಿಂದ ನೋಡುವುದು ಸುಲಭ. ಕಂಟೈನರಿನಲ್ಲಿ ಬರೀ ಶೆಲ್ ತೆರೆದಿಡಿ. ಹೋಸ್ಟ್‌ನಲ್ಲಿ, ಅಂದರೆ ಕಂಟೈನರ್ ಓಡುತ್ತಿರುವ ಯಂತ್ರದಲ್ಲಿ, ಆ ಶೆಲ್ಲಿನ ಪಿಡ್ ಹುಡುಕಿ. ಮಕ್ಕಳನ್ನೂ ಹಿಂಬಾಲಿಸುವ ‘ಎಫ್’ ಆಯ್ಕೆಯೊಂದಿಗೆ ಎಸ್‌ಟ್ರೇಸನ್ನು ಆ ಪಿಡ್‌ಗೆ ಅಂಟಿಸಿ. ಆಮೇಲೆ ಒಳಗಿನ ಶೆಲ್ಲಿನಿಂದ ಕೈಕೊಟ್ಟ ಪ್ರೋಗ್ರಾಂ ಓಡಿಸಿ.

ಸಾವಿರ ಸಾಲು ಹರಿದುಬರುತ್ತದೆ. ಮೇಲಿನಿಂದ ಓದಬೇಡಿ. ದೋಷದ ವಾಕ್ಯವನ್ನು ಪ್ರೋಗ್ರಾಂ ಬರೆಯುವ ‘ರೈಟ್’ ಕರೆಯನ್ನು ಮೊದಲು ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ನಮ್ಮ ಸರ್ವರಿನಲ್ಲಿ ಅದರ ಹಿಂದಿದ್ದದ್ದು ಒಂದೇ ಒಂದು ಸೋತ ಕರೆ: ಹೊಸ ಥ್ರೆಡ್ ಹುಟ್ಟಿಸುವ ಕ್ಲೋನ್3, ಉತ್ತರ ಮೈನಸ್ ಒಂದು, ಇ-ಪರ್ಮ್. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಅದೇ ಕ್ಲೋನ್3 ಹೊಸ ಥ್ರೆಡ್ಡಿನ ಸಂಖ್ಯೆ ಹಿಂದಿರುಗಿಸುತ್ತಿತ್ತು.

ಸರ್ವರಿನ ಕರ್ನಲ್ ಯಾವುದು ಎಂದು ಕೇಳಿದೆ. ಉಬುಂಟು 18.04ರ ಜೊತೆ ಬಂದ 4.15. ಕ್ಲೋನ್3 ಕರ್ನಲ್‌ಗೆ ಸೇರಿದ್ದು 2019ರ 5.3ರಲ್ಲಿ. ಅಂದರೆ ಆ ಕರ್ನಲ್‌ಗೆ ಈ ಕರೆಯ ಹೆಸರೇ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದ ಕೆಲಸಕ್ಕೆ ‘ನಿನಗೆ ಅನುಮತಿಯಿಲ್ಲ’ ಎಂಬ ಉತ್ತರ ಹೇಗೆ ಬಂತು? ಈ ದೋಷದ ತಿರುಳು ಅಲ್ಲಿದೆ.

ನಿರಾಕರಣೆಯ ಬಗೆಗಳು

ಕನ್ನಡದಲ್ಲಿ ‘ನೋ’ ಎನ್ನುವುದಕ್ಕೆ ಒಂದೇ ಮಾತಿಲ್ಲ. ಇಲ್ಲ, ಅಲ್ಲ, ಬೇಡ, ಕೂಡದು, ಆಗದು, ಒಂದೊಂದಕ್ಕೂ ಅದರದೇ ಜಾಗ. ಅಂಗಡಿಯವನು ‘ಸಕ್ಕರೆ ಇಲ್ಲ’ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ಡಾಕ್ಟರು ‘ಸಕ್ಕರೆ ಕೂಡದು’ ಎಂದರೆ ಯಾವ ಅಂಗಡಿಗೂ ಹೋಗುವುದಿಲ್ಲ. ಕರ್ನಲಿನ ದೋಷಸಂಖ್ಯೆಗಳನ್ನು ನಾನು ಹೊಸಬರಿಗೆ ಹೇಳಿಕೊಡುವುದು ಈ ಮಾತುಗಳಿಂದಲೇ.

ಇ-ನೋಸಿಸ್, 38. ‘ಇಲ್ಲ.’ ಆ ಸಿಸ್ಟಂ ಕಾಲ್ ಈ ಕರ್ನಲಿನಲ್ಲಿ ಇಲ್ಲವೇ ಇಲ್ಲ. ಬೇರೆ ದಾರಿ ಹಿಡಿ.

ಇ-ಪರ್ಮ್, 1. ‘ಕೂಡದು.’ ಕರೆ ಇದೆ, ನಿನಗಲ್ಲ. ಇ-ಅಕ್ಸೆಸ್, 13, ಇದೇ ಮನೆತನದ್ದು.

ಇ-ಇನ್‌ವಾಲ್, 22. ‘ಹಾಗಲ್ಲ.’ ಕರೆ ಇದೆ, ನೀನು ಕೊಟ್ಟ ಫ್ಲ್ಯಾಗೋ ಅಳತೆಯೋ ನನಗೆ ತಿಳಿಯದು. ಹಳೆಯ ಕರ್ನಲ್‌ಗೆ ಹೊಸ ಫ್ಲ್ಯಾಗ್ ಕೊಟ್ಟರೂ ಇದೇ ಬರುತ್ತದೆ, ನಿಮ್ಮ ಕೋಡ್ ತಪ್ಪಿದ್ದರೂ ಇದೇ ಬರುತ್ತದೆ. ಅದಕ್ಕೇ ಎಲ್ಲಕ್ಕಿಂತ ಗೊಂದಲದ್ದು ಇದು.

ಇ-ಆಪ್‌ನಾಟ್‌ಸಪ್, 95. ‘ಇಲ್ಲಾಗದು.’ ಕರ್ನಲ್‌ಗೆ ಗೊತ್ತು, ಆದರೆ ಈ ಫೈಲ್‌ಸಿಸ್ಟಂ ಅಥವಾ ಈ ಸಾಕೆಟ್ ಅದನ್ನು ಮಾಡದು.

ಇ-ಟೂಬಿಗ್, 7. ಹೊಸ ಬಗೆಯ ಕರೆಗಳಲ್ಲಿ ಇದಕ್ಕೆ ವಿಶೇಷ ಅರ್ಥವಿದೆ: ನೀನು ತುಂಬಿ ಕಳಿಸಿದ ಅರ್ಜಿಯಲ್ಲಿ ನನಗೆ ಗೊತ್ತಿಲ್ಲದ ಕಾಲಂಗಳಿವೆ, ಅವು ಖಾಲಿಯೂ ಇಲ್ಲ.

ಪ್ರೋಗ್ರಾಂ ಮತ್ತು ಕರ್ನಲ್ ನಡುವೆ ಕೂರುವ ಸಿ ಲೈಬ್ರರಿ ಜಿಲಿಬ್‌ಸಿಯನ್ನು ಬರೆದವರು ಈ ಒಪ್ಪಂದವನ್ನು ನಂಬಿ ಬರೆದಿದ್ದಾರೆ. 2021ರ ಆಗಸ್ಟ್‌ನ 2.34 ಆವೃತ್ತಿಯಿಂದ ಥ್ರೆಡ್ ಹುಟ್ಟಿಸಲು ಅದು ಮೊದಲು ಕ್ಲೋನ್3 ಕರೆಯುತ್ತದೆ. ‘ಇಲ್ಲ’ ಎಂದು ಬಂದರೆ ಹಳೆಯ ಕ್ಲೋನ್‌ಗೆ ಹೋಗುತ್ತದೆ. ಬೇರೆ ಏನೇ ಬಂದರೂ ಅದನ್ನೇ ನಿಜವಾದ ಸೋಲೆಂದು ಒಪ್ಪಿಕೊಂಡು ಪ್ರೋಗ್ರಾಮಿಗೆ ತಿಳಿಸುತ್ತದೆ. ಉಬುಂಟು 22.04ರಲ್ಲಿರುವುದು ಜಿಲಿಬ್‌ಸಿ 2.35, 20.04ರಲ್ಲಿದ್ದದ್ದು 2.31. ಇಮೇಜ್ ಏರಿಸಿದ ರಾತ್ರಿಯೇ ದೋಷ ಹುಟ್ಟಿದ್ದು ಅದರಿಂದ.

ಬಾಗಿಲಲ್ಲಿ ನಿಂತವನ ಉತ್ತರ

4.15ರ ಕರ್ನಲ್ ತಾನಾಗಿ ಉತ್ತರಿಸಿದ್ದರೆ ‘ಇಲ್ಲ’ ಎನ್ನುತ್ತಿತ್ತು, ಜಿಲಿಬ್‌ಸಿ ಹಳೆಯ ದಾರಿ ಹಿಡಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಲೇ ಇರಲಿಲ್ಲ. ಆದರೆ ಕಂಟೈನರಿನ ಕರೆ ಕರ್ನಲಿನ ಕೋಷ್ಟಕ ಮುಟ್ಟುವ ಮೊದಲೇ ಸೆಕ್‌ಕಾಂಪ್ ಫಿಲ್ಟರ್ ಅದನ್ನು ತಡೆದು ನೋಡುತ್ತದೆ. ಫಿಲ್ಟರಿಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿದ್ದರೆ ಒಳಗೆ ಬಿಡು, ಇಲ್ಲದಿದ್ದರೆ ಇ-ಪರ್ಮ್ ಕೊಟ್ಟು ಕಳಿಸು.

ಕಚೇರಿಯ ಬಾಗಿಲಲ್ಲಿ ನಿಂತ ಜವಾನನನ್ನು ನೆನೆಸಿಕೊಳ್ಳಿ. ‘ಸಾಹೇಬರು ಇಲ್ಲ’ ಎಂದರೆ ನೀವು ಗುಮಾಸ್ತರನ್ನು ಕಂಡು ಕೆಲಸ ಮುಗಿಸಿಕೊಳ್ಳುತ್ತೀರಿ. ‘ನೀವು ಸಾಹೇಬರನ್ನು ನೋಡುವ ಹಾಗಿಲ್ಲ’ ಎಂದರೆ ಮನೆಗೆ ಹೋಗುತ್ತೀರಿ. ಒಳಗೆ ಆ ಹುದ್ದೆಯೇ ಇಲ್ಲ ಎಂಬುದು ಜವಾನನಿಗೂ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ನಮ್ಮ ಸರ್ವರಿನಲ್ಲಿ ಆದದ್ದು ಅಷ್ಟೇ.

ಪಟ್ಟಿಗೆ ಕ್ಲೋನ್3 ಸೇರಿಸಿಬಿಟ್ಟರೆ ಆಯಿತಲ್ಲ ಎನಿಸಬಹುದು. ಅದರಲ್ಲೊಂದು ಗಂಟಿದೆ. ಹಳೆಯ ಕ್ಲೋನ್ ಕರೆಯಲ್ಲಿ ಫ್ಲ್ಯಾಗುಗಳು ನೇರವಾಗಿ ರಿಜಿಸ್ಟರಿನಲ್ಲಿ ಬರುತ್ತವೆ. ಫಿಲ್ಟರ್ ಅವನ್ನು ಓದಿ, ಹೊಸ ನೇಮ್‌ಸ್ಪೇಸ್ (ಪ್ರೊಸೆಸ್ಸಿಗೆ ಬೇರೆಯದೇ ಲೋಕ ತೋರಿಸುವ ಗೋಡೆ) ಹುಟ್ಟಿಸುವ ಫ್ಲ್ಯಾಗ್ ಇದ್ದರೆ ತಡೆದು ಬರೀ ಥ್ರೆಡ್ ಆದರೆ ಬಿಡಬಲ್ಲದು. ಕ್ಲೋನ್3ರಲ್ಲಿ ಫ್ಲ್ಯಾಗುಗಳೆಲ್ಲ ಮೆಮೊರಿಯ ಒಂದು ಸ್ಟ್ರಕ್ಟಿನೊಳಗೆ ಕೂತಿರುತ್ತವೆ, ರಿಜಿಸ್ಟರಿನಲ್ಲಿ ಬರುವುದು ಅದರ ವಿಳಾಸ ಮಾತ್ರ. ಸೆಕ್‌ಕಾಂಪ್ ಫಿಲ್ಟರಿಗೆ ಪಾಯಿಂಟರ್ ಹಿಂದೆ ಹೋಗಿ ನೋಡುವ ಶಕ್ತಿ ಇಲ್ಲ. ಲಕೋಟೆ ಒಡೆಯಲಾರದ ಕಾವಲುಗಾರ ಒಂದೋ ಎಲ್ಲ ಲಕೋಟೆ ಬಿಡಬೇಕು, ಇಲ್ಲವೇ ಎಲ್ಲವನ್ನೂ ತಡೆಯಬೇಕು. ತಡೆಯುವುದೇ ಸರಿ. ತಡೆಯುವಾಗ ಹೇಳುವ ಮಾತು ‘ಇಲ್ಲ’ ಆಗಿರಬೇಕು, ‘ಕೂಡದು’ ಅಲ್ಲ. ಆಗ ಲೈಬ್ರರಿ ಹಳೆಯ ಕ್ಲೋನ್‌ಗೆ ಬರುತ್ತದೆ, ಫಿಲ್ಟರ್ ಅದರ ಫ್ಲ್ಯಾಗ್ ಪರೀಕ್ಷಿಸಿ ಬಿಡುತ್ತದೆ, ಕಾವಲೂ ಉಳಿಯುತ್ತದೆ. ಕಂಟೈನರ್ ಎಂಜಿನ್ ಆದ ಡಾಕರ್ 20.10.10, 2021ರ ಅಕ್ಟೋಬರಿನಲ್ಲಿ, ಮಾಡಿದ ತಿದ್ದುಪಡಿ ಇದೇ.

ಇದಕ್ಕೆ ಮೊದಲೇ, ಎಂಜಿನ್ನಿನ ಕೆಳಗೆ ಕಂಟೈನರನ್ನು ಶುರುಮಾಡುವ ರನ್‌ಸಿ ಒಂದು ಸಾಮಾನ್ಯ ಪರಿಹಾರ ತಂದಿತ್ತು. ಅದರ 1.0.0 ಆರ್‌ಸಿ93 ಆವೃತ್ತಿಯಿಂದ, ಪಟ್ಟಿಯಲ್ಲಿರುವ ಅತಿ ದೊಡ್ಡ ಕರೆಸಂಖ್ಯೆಗಿಂತಲೂ ಮೇಲಿನ ಸಂಖ್ಯೆಯ ಕರೆ ಬಂದರೆ, ‘ಇದು ಪಟ್ಟಿ ಬರೆದ ಮೇಲೆ ಹುಟ್ಟಿದ್ದು’ ಎಂದು ತಿಳಿದು ಇ-ನೋಸಿಸ್ ಕೊಡುತ್ತದೆ. ಒಳ್ಳೆಯ ಯೋಚನೆ. ಆದರೂ ಕ್ಲೋನ್3 ಅದರಿಂದ ಉಳಿಯಲಿಲ್ಲ. ಕ್ಲೋನ್3ರ ಸಂಖ್ಯೆ 435. ಆ ಕಾಲದ ಪಟ್ಟಿಗಳಲ್ಲಿ ಅದಕ್ಕಿಂತ ಹೊಸದಾದ, 439ನೇ ಸಂಖ್ಯೆಯ ಎಫ್‌ಆಕ್ಸೆಸ್‌ಅಟ್2 ಆಗಲೇ ಸೇರಿಬಿಟ್ಟಿತ್ತು. 435 ಅದಕ್ಕಿಂತ ಕೆಳಗೆ ಬಿತ್ತು, ‘ಗೊತ್ತಿದ್ದೂ ಬಿಟ್ಟದ್ದು’ ಎಂಬ ಲೆಕ್ಕಕ್ಕೆ ಹೋಯಿತು, ಇ-ಪರ್ಮ್ ಬಂತು. ‘ರನ್‌ಸಿ ಹೊಸದೇ ಇದೆ, ಆದರೂ ಹೀಗೇಕೆ’ ಎಂದು ತಲೆ ಕೆಡಿಸಿಕೊಂಡವರು ನೋಡಬೇಕಾದ ಜಾಗ ಇದು.

ಎಫ್‌ಆಕ್ಸೆಸ್‌ಅಟ್2 ತಾನೂ ಇದೇ ನೋವು ಕೊಟ್ಟ ಕರೆ. ಕರ್ನಲ್ 5.8ರಲ್ಲಿ ಬಂತು, ಜಿಲಿಬ್‌ಸಿ 2.33 ಬಳಸತೊಡಗಿತು. ಹಳೆಯ ಫಿಲ್ಟರಿನ ಕೆಳಗೆ ‘ಈ ಫೈಲನ್ನು ಓಡಿಸಬಹುದೇ’ ಎಂಬ ಪ್ರಶ್ನೆಗೆ ಯಾವಾಗಲೂ ‘ಕೂಡದು’ ಎಂದೇ ಉತ್ತರ. ಕಣ್ಣೆದುರಿಗೇ ಇರುವ, ಓಡಿಸುವ ಅನುಮತಿಯೂ ಇರುವ ಸ್ಕ್ರಿಪ್ಟನ್ನು ಶೆಲ್ ಓಡಿಸಲಾಗದು ಎನ್ನುತ್ತದೆ. ಆಲ್ಪೈನ್ ಲಿನಕ್ಸ್ 3.14ರ ಬಿಡುಗಡೆ ಟಿಪ್ಪಣಿಯಲ್ಲೇ ಇದರ ಎಚ್ಚರಿಕೆ ಇತ್ತು.

ಉತ್ತರ ಕೊಟ್ಟದ್ದು ಯಾರು?

ಮೂರು ಪರೀಕ್ಷೆ ಸಾಕು.

ಒಂದು, ಪ್ರೊಸೆಸ್ಸಿನ ಪ್ರಾಕ್ ಸ್ಟೇಟಸ್ ಫೈಲಿನಲ್ಲಿ ‘ಸೆಕ್‌ಕಾಂಪ್’ ಎಂಬ ಸಾಲು ನೋಡಿ. 0 ಇದ್ದರೆ ಫಿಲ್ಟರೇ ಇಲ್ಲ, ಉತ್ತರ ಕರ್ನಲಿನದು ಅಥವಾ ಆಪ್‌ಆರ್ಮರ್, ಎಸ್‌ಇಲಿನಕ್ಸ್‌ನಂಥ ಇನ್ನೊಂದು ಕಾವಲಿನದು. 2 ಇದ್ದರೆ ಫಿಲ್ಟರ್ ಕೂತಿದೆ.

ಎರಡು, ಕೈಯಲ್ಲೇ ತಟ್ಟಿ ನೋಡುವುದು. ನನಗೆ ಬಹಳ ಇಷ್ಟವಾದ ಪರೀಕ್ಷೆ. ಯಾವತ್ತೂ ಗೆಲ್ಲಲಾರದ ಹಾಗೆ ಕರೆಯನ್ನು ಬೇಕೆಂದೇ ತಪ್ಪಾಗಿ ಕರೆಯಿರಿ. ಪೈಥಾನಿನ ಸಿಟೈಪ್ಸ್ ಮೂಲಕ ಲಿಬ್‌ಸಿಯ ‘ಸಿಸ್‌ಕಾಲ್’ ಫಂಕ್ಷನ್ನಿಗೆ 435, 0, 0 ಕೊಟ್ಟು ಎರ್ನೋ (ದೋಷಸಂಖ್ಯೆ) ಓದಿ. ವಿಳಾಸ ಸೊನ್ನೆ, ಅಳತೆ ಸೊನ್ನೆ. ಕ್ಲೋನ್3 ಇರುವ ಕರ್ನಲ್ ಅಳತೆ ನೋಡಿದ ಕೂಡಲೇ 22 ಎನ್ನುತ್ತದೆ, ಯಾವ ಪ್ರೊಸೆಸ್ಸೂ ಹುಟ್ಟುವುದಿಲ್ಲ. ಇಲ್ಲದ ಕರ್ನಲ್ 38 ಎನ್ನುತ್ತದೆ, ತಿಳಿವಳಿಕೆಯ ಫಿಲ್ಟರ್ ಕೂಡ 38 ಎನ್ನುತ್ತದೆ, ಎರಡರಲ್ಲೂ ಲೈಬ್ರರಿ ಸುಖವಾಗಿರುತ್ತದೆ. 1 ಬಂದರೆ ಅದು ಬಾಗಿಲಿನ ಉತ್ತರ. ಹುಡುಗನಿಗೆ ಫೋನಿನಲ್ಲೇ ಈ ನಾಲ್ಕು ಸಾಲು ಬರೆಸಿದೆ. ಹೋಸ್ಟ್ ಮೇಲೆ 38, ಕಂಟೈನರ್ ಒಳಗೆ 1. ದೋಷ ಸಿಕ್ಕಿತು.

ಮೂರು, ಸೆಕ್‌ಕಾಂಪ್ ಇಲ್ಲದೆ ಕಂಟೈನರನ್ನು ಒಮ್ಮೆ ಓಡಿಸಿ ನೋಡುವುದು. ಓಡಿದರೆ ಫಿಲ್ಟರೇ ಕಾರಣ. ಪರೀಕ್ಷೆಗೆ ಮಾತ್ರ. ಇದನ್ನೇ ಪರಿಹಾರವೆಂದು ಬಿಟ್ಟುಹೋದ ಸರ್ವರುಗಳನ್ನು ನಾನು ನೋಡಿದ್ದೇನೆ, ಆ ಸಾಲನ್ನು ಆಮೇಲೆ ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ಕರ್ನಲ್ ಲಾಗ್‌ನಲ್ಲಿ ಏನಾದರೂ ಸಿಕ್ಕೀತು ಎಂದು ಕಾಯಬೇಡಿ. ದೋಷಸಂಖ್ಯೆ ಕೊಟ್ಟು ಕಳಿಸುವ ಫಿಲ್ಟರ್ ಸಾಮಾನ್ಯವಾಗಿ ಅಲ್ಲಿ ಏನೂ ಬರೆಯುವುದಿಲ್ಲ. ಕೊಲ್ಲುವ ಫಿಲ್ಟರ್ ಬೇರೆ ಜಾತಿ. ಅದು ಸಿಗ್‌ಸಿಸ್ ಎಂಬ 31ನೇ ಸಿಗ್ನಲ್ ಹಾಕುತ್ತದೆ, ಶೆಲ್ಲಿನಲ್ಲಿ ‘ಬ್ಯಾಡ್ ಸಿಸ್ಟಂ ಕಾಲ್’ ಎಂದು ಕಾಣುತ್ತದೆ, ನಿರ್ಗಮನ ಸಂಖ್ಯೆ 159. ಆಂಡ್ರಾಯ್ಡ್ 8ರಿಂದ ಆಪ್‌ಗಳ ಮೇಲೆ ಕೂತಿರುವುದು ಇಂಥದ್ದೇ ಫಿಲ್ಟರ್. ಅಲ್ಲಿ ‘ಮೊದಲು ಹೊಸದನ್ನು ಕರೆದು ನೋಡೋಣ’ ಎನ್ನುವ ತಂತ್ರವೇ ಪ್ರಾಣಕ್ಕೆ ಬರುತ್ತದೆ, ಏಕೆಂದರೆ ಸೋಲನ್ನು ಕೇಳಿಸಿಕೊಳ್ಳಲು ಪ್ರೊಸೆಸ್ಸೇ ಉಳಿದಿರುವುದಿಲ್ಲ.

ಯುನೇಮ್ ನೋಡಿ ತೀರ್ಮಾನಿಸಬೇಡಿ

ಯುನೇಮ್ ಹೇಳುವ ಕರ್ನಲ್ ಆವೃತ್ತಿ ಓದಿ ‘5.3ಕ್ಕಿಂತ ಹೆಚ್ಚಿದ್ದರೆ ಕ್ಲೋನ್3’ ಎಂದು ಬರೆಯುವ ಕೋಡ್ ಎರಡೂ ಕಡೆ ತಪ್ಪುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ತನ್ನನ್ನು 4.18 ಎಂದೇ ಕರೆದುಕೊಳ್ಳುತ್ತದೆ, ಒಳಗೆ ಎಷ್ಟೋ ಹೊಸ ಕರ್ನಲುಗಳ ಇಬಿಪಿಎಫ್ (ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂ ಓಡಿಸುವ ಸೌಲಭ್ಯ) ಕೆಲಸವನ್ನು ಹಿಂದಕ್ಕೆ ತಂದು ಸೇರಿಸಿದ್ದಾರೆ. ಇನ್ನೊಂದೆಡೆ ಆವೃತ್ತಿ ಹೊಸದಿದ್ದರೂ ಕಟ್ಟುವಾಗ ಆ ಆಯ್ಕೆ ಬಿಟ್ಟಿರಬಹುದು, ಬೂಟ್ ಸಾಲಿನಲ್ಲಿ ಆರಿಸಿರಬಹುದು, ಸಿಸ್‌ಕಂಟ್ರೋಲಿನಲ್ಲಿ ಮುಚ್ಚಿರಬಹುದು. 6.6ರಿಂದ ಐಒ-ಯೂರಿಂಗ್ ಎಂಬ ವೇಗದ ಓದು-ಬರಹದ ಸೌಲಭ್ಯವನ್ನು ಒಂದೇ ಸಂಖ್ಯೆ ಬರೆದು ಇಡೀ ಯಂತ್ರಕ್ಕೆ ಮುಚ್ಚಬಹುದು, ಆಗ ಬರುವ ಉತ್ತರ ಇ-ಪರ್ಮ್. ಕಂಟೈನರ್ ಒಳಗಿನ ಯುನೇಮ್ ಅಂತೂ ಹೋಸ್ಟಿನ ಕರ್ನಲನ್ನೇ ಹೇಳುತ್ತದೆ, ಒಳಗಿನ ಉಬುಂಟು ಯಾವುದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದೇ ಸೌಲಭ್ಯ ಎಷ್ಟು ಬಗೆಯಲ್ಲಿ ಇಲ್ಲವಾಗಬಹುದು ಎಂಬುದಕ್ಕೆ ಯೂಸರ್ ನೇಮ್‌ಸ್ಪೇಸ್ ನೋಡಿ. ಕರ್ನಲ್ ಕಟ್ಟುವಾಗಲೇ ಬಿಟ್ಟಿದ್ದರೆ ಇ-ಇನ್‌ವಾಲ್. ಗರಿಷ್ಠ ಸಂಖ್ಯೆಯನ್ನು ಸೊನ್ನೆ ಮಾಡಿಟ್ಟಿದ್ದರೆ ಇ-ನೋಸ್ಪೇಸ್, 28. ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ವಾಕ್ಯ ಓದಿ ಡಿಸ್ಕ್ ತೊಳೆಯಲು ಕೂತವರು ಇದ್ದಾರೆ. ಡೆಬಿಯನ್ ಬಳಗದ ಕರ್ನಲುಗಳಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಚ್ಚಿದ್ದರೆ ಇ-ಪರ್ಮ್. ಉಬುಂಟು 24.04ರಲ್ಲಿ ಆಪ್‌ಆರ್ಮರ್ ಕಾವಲಿರುವಾಗ ನೇಮ್‌ಸ್ಪೇಸ್ ಹುಟ್ಟುತ್ತದೆ, ಆದರೆ ಅದರೊಳಗೆ ಸಿಗಬೇಕಾದ ಅಧಿಕಾರ ಸಿಗುವುದಿಲ್ಲ, ಸೋಲು ಎರಡು ಹೆಜ್ಜೆ ಮುಂದೆ ಇನ್ಯಾವುದೋ ಕರೆಯಲ್ಲಿ ಕಾಣಿಸುತ್ತದೆ. ನಾಲ್ಕು ಕಾರಣ, ನಾಲ್ಕು ಉತ್ತರ. ಇವನ್ನು ಬಿಡಿಸಿ ಹೇಳದ ದೋಷವಾಕ್ಯ ಓದುವವನನ್ನು ದಾರಿ ತಪ್ಪಿಸುತ್ತದೆ.

ಸರ್ವರಿನಲ್ಲಿ ಮಾಡಬೇಕಾದದ್ದು

ಕಂಟೈನರ್ ಎಂಜಿನ್, ರನ್‌ಸಿ, ಲಿಬ್‌ಸೆಕ್‌ಕಾಂಪ್ (ಪಟ್ಟಿಯಿಂದ ಫಿಲ್ಟರ್ ಕಟ್ಟುವ ಲೈಬ್ರರಿ) ಮೂರನ್ನೂ ಹೊಸದು ಮಾಡಿ. ಮೂರನೆಯದನ್ನು ಜನ ಮರೆಯುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೂ ಆ ಹೆಸರಿನ ಸಂಖ್ಯೆ ಲಿಬ್‌ಸೆಕ್‌ಕಾಂಪ್‌ಗೆ ಗೊತ್ತಿಲ್ಲದಿದ್ದರೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಕರ್ನಲ್ ಏರಿಸಬೇಕಾಗಿಲ್ಲ. ಬರೀ ಕರ್ನಲ್ ಏರಿಸಿದರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ಬಾಗಿಲಿನವನು ಹಳಬನೇ.

ಎಂಜಿನ್ ಮುಟ್ಟುವ ಅಧಿಕಾರ ನಿಮಗಿಲ್ಲ ಎಂದಾದರೆ ಸ್ವಂತ ಸೆಕ್‌ಕಾಂಪ್ ಪ್ರೊಫೈಲ್ ಕೊಡಿ. ಪ್ರತಿ ಕರೆಗೂ ಬೇರೆ ದೋಷಸಂಖ್ಯೆ ಹೇಳಲು ನಿಮ್ಮ ರನ್‌ಟೈಮ್ ಬಿಡುವುದಾದರೆ ಕ್ಲೋನ್3ಕ್ಕೆ 38 ಎಂದು ಬರೆಯಿರಿ. ‘ಬಿಡು’ ಎಂದು ಬರೆಯಬೇಡಿ, ನೇಮ್‌ಸ್ಪೇಸ್ ತಡೆಯುವ ಕಾವಲು ಅಲ್ಲಿಗೆ ಮುಗಿಯುತ್ತದೆ. ಅದೂ ಆಗದಿದ್ದರೆ ಎಂಜಿನ್ ಏರಿಸುವವರೆಗೆ ಹಳೆಯ ಬುಡದ ಇಮೇಜಿನಲ್ಲೇ ಇರಿ.

32 ಬಿಟ್ ಆರ್ಮ್ ಮೇಲೆ, ಮುಖ್ಯವಾಗಿ ಹಳೆಯ ರಾಸ್‌ಬೆರಿ ಪೈಗಳಲ್ಲಿ, ಆಲ್ಪೈನ್ 3.13 ಕಂಟೈನರಿನಲ್ಲಿ ಗಡಿಯಾರ ಹುಚ್ಚುಹುಚ್ಚಾಗಿ ತೋರಿಸಿದರೆ ಅದೂ ಈ ಕುಟುಂಬದ್ದೇ. ಆಲ್ಪೈನಿನ ಸಿ ಲೈಬ್ರರಿ ಮಸಲ್ 1.2 ಸಮಯಕ್ಕೆ 64 ಬಿಟ್ ಕರೆ ಬಳಸತೊಡಗಿತು, ಹಳೆಯ ಲಿಬ್‌ಸೆಕ್‌ಕಾಂಪ್‌ಗೆ ಆ ಕರೆ ಗೊತ್ತಿರಲಿಲ್ಲ. ಪರಿಹಾರವೂ ಅದೇ.

ಪ್ರೋಗ್ರಾಂ ಬರೆಯುವವರಿಗೆ

ಸರ್ವರ್ ಸರಿಮಾಡುವುದು ಒಂದು ದಿನದ ಕೆಲಸ. ಸಿಸ್ಟಂ ಸಾಫ್ಟ್‌ವೇರ್ ಬರೆಯುವವರ ಮೇಲೆ ಇರುವ ಹೊಣೆ ಹೆಚ್ಚಿನದು, ಏಕೆಂದರೆ ನಮ್ಮ ಕೋಡ್ ನಾವು ಕಾಣದ ಕರ್ನಲುಗಳ ಮೇಲೆ ಓಡುತ್ತದೆ.

ಸೌಲಭ್ಯ ಇದೆಯೋ ಎಂದು ತಿಳಿಯಲು ಅದನ್ನು ಬಳಸಿಯೇ ನೋಡಿ. ಇ-ನೋಸಿಸ್ ಬಂದರೆ ಅದನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ಕೇಳದೆ ಹಳೆಯ ದಾರಿಯಲ್ಲಿ ನಡೆಯಿರಿ. ಲಿನಕ್ಸಿನ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂ-ಡಿಯ ಕೋಡ್‌ನಲ್ಲಿ ಇದಕ್ಕೆ ಅಚ್ಚುಕಟ್ಟಾದ ಏರ್ಪಾಡಿದೆ: ‘ಬೆಂಬಲವಿಲ್ಲ’ ಎಂಬರ್ಥದ ಸಂಖ್ಯೆಗಳಿಗೆ ಒಂದು ಮ್ಯಾಕ್ರೋ, ಅದರಲ್ಲಿ ಇ-ನೋಸಿಸ್, ಇ-ಆಪ್‌ನಾಟ್‌ಸಪ್, ಇ-ನಾಟ್‌ಟಿವೈ ಮುಂತಾದವು, ‘ಅಧಿಕಾರವಿಲ್ಲ’ ಎಂಬರ್ಥದವಕ್ಕೆ ಇನ್ನೊಂದು, ಅದರಲ್ಲಿ ಇ-ಪರ್ಮ್, ಇ-ಅಕ್ಸೆಸ್. ಎಲ್ಲಿ ಒಂದನ್ನಷ್ಟೇ ಕ್ಷಮಿಸಬೇಕು, ಎಲ್ಲಿ ಎರಡನ್ನೂ ಕ್ಷಮಿಸಬಹುದು ಎಂಬುದನ್ನು ಕರೆಯುವ ಜಾಗದಲ್ಲೇ ಆರಿಸಿಕೊಳ್ಳುತ್ತಾರೆ. ಅಂದರೆ ಪ್ರತಿ ಜಾಗದಲ್ಲೂ ಯಾರೋ ಕೂತು ಯೋಚಿಸಿದ್ದಾರೆ.

‘ಇ-ಪರ್ಮ್ ಬಂದರೂ ಹಳೆಯ ದಾರಿಗೆ ಹೋಗಿಬಿಡೋಣ, ಜಗಳವೇ ಬೇಡ’ ಎಂಬ ಒತ್ತಡ ಆಗ ಜಿಲಿಬ್‌ಸಿ ಮೇಲೂ ಬಂತು. ಅವರು ಬಗ್ಗಲಿಲ್ಲ, ಅದು ಸರಿಯಾದ ನಿಲುವು ಎಂದೇ ನನ್ನ ನಂಬಿಕೆ. ಎಫ್‌ಆಕ್ಸೆಸ್‌ಅಟ್2 ಇರುವುದೇ ಅನುಮತಿ ಕೇಳಲು. ಅದರ ‘ಕೂಡದು’ ಎಂಬ ಉತ್ತರವನ್ನು ‘ಇಲ್ಲ’ ಎಂದು ಓದಿಕೊಂಡು ಬೇರೆಯವರನ್ನು ಕೇಳಲು ಹೋದರೆ ಭದ್ರತೆಗೇ ಅರ್ಥವಿಲ್ಲ. ಕ್ಲೋನ್3 ಕೂಡ ತಾನಾಗಿ ಇ-ಪರ್ಮ್ ಕೊಡುವ ಸಂದರ್ಭಗಳಿವೆ, ಬೇಕಾದ ಪಿಡ್ ಆರಿಸಿಕೊಳ್ಳಲು ಅಧಿಕಾರವಿಲ್ಲದವನು ಕೇಳಿದಾಗ, ಉದಾಹರಣೆಗೆ. ನಿಮ್ಮ ಪ್ರೋಗ್ರಾಂ ಅಂಥ ಫಿಲ್ಟರುಗಳ ಕೆಳಗೆ ಓಡಲೇಬೇಕು ಎಂದಿದ್ದರೆ, ಮೇಲೆ ಹೇಳಿದ ಬೇಕೆಂದೇ ತಪ್ಪಾದ ಕರೆಯನ್ನು ಶುರುವಿನಲ್ಲಿ ಒಮ್ಮೆ ಮಾಡಿ. ಅರ್ಥವಿಲ್ಲದ ಅರ್ಜಿಗೂ ‘ಕೂಡದು’ ಎಂದರೆ ಅವನು ಅರ್ಜಿ ಓದದ ಬಾಗಿಲಿನವನು ಎಂದು ಖಚಿತ. ಆಗ ಹಳೆಯ ದಾರಿ ಹಿಡಿದರೆ ಯಾರ ಅನುಮತಿಯನ್ನೂ ಮೀರಿದಂತಾಗುವುದಿಲ್ಲ, ಹಳೆಯ ಕರೆಯನ್ನೂ ಆ ಫಿಲ್ಟರೇ ನೋಡುತ್ತದೆ.

ವೇಗಕ್ಕಾಗಿ ಬಳಸುವ ಸೌಲಭ್ಯ ಇಲ್ಲದಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಕಾವಲಿಗಾಗಿ ಬಳಸುವ ಸೌಲಭ್ಯ ಇಲ್ಲದಿದ್ದರೆ ಸದ್ದು ಮಾಡಿ. ಗೆಟ್‌ರ‍್ಯಾಂಡಮ್ ಕರೆ 3.17ರಲ್ಲಿ ಬಂದದ್ದು, ಅದಿಲ್ಲದಿದ್ದರೆ ಯುರ‍್ಯಾಂಡಮ್ ಸಾಧನದಿಂದ ಓದಬಹುದು. ಸಾಧನವೂ ತೆರೆಯದಿದ್ದರೆ ನಿಲ್ಲಿಸಬೇಕು. ಗಡಿಯಾರದಿಂದ ಬೀಜ ತೆಗೆದುಕೊಂಡು ಕೀಲಿ ತಯಾರಿಸುವ ಮೂರನೆಯ ದಾರಿ ಬರೆಯಲೇಬಾರದು.

ಲ್ಯಾಂಡ್‌ಲಾಕ್ ಈ ವಿಷಯದಲ್ಲಿ ಚೆನ್ನಾಗಿ ಯೋಚಿಸಿ ಕಟ್ಟಿದ ಸೌಲಭ್ಯ. ಪ್ರೋಗ್ರಾಂ ತನ್ನ ಮೇಲೆ ತಾನೇ ಬೇಲಿ ಹಾಕಿಕೊಳ್ಳುವ ವ್ಯವಸ್ಥೆ ಅದು, 5.13ರಲ್ಲಿ ಬಂತು. ‘ನಿನ್ನ ಆವೃತ್ತಿ ಎಷ್ಟು’ ಎಂದು ಕೇಳಲು ಅದರ ಕರೆಯಲ್ಲೇ ಒಂದು ಫ್ಲ್ಯಾಗ್ ಇದೆ. ಕರ್ನಲ್ ಕಟ್ಟುವಾಗಲೇ ಬಿಟ್ಟಿದ್ದರೆ ಇ-ನೋಸಿಸ್, ಬೂಟಿನಲ್ಲಿ ಆರಿಸಿದ್ದರೆ ಇ-ಆಪ್‌ನಾಟ್‌ಸಪ್. ಇದ್ದರೆ ಒಂದು ಸಂಖ್ಯೆ: 1 ಅಂದರೆ ಮೊದಲ ರೂಪ, 2 (5.19ರಿಂದ) ಅಂದರೆ ಡೈರೆಕ್ಟರಿಗಳ ನಡುವೆ ಫೈಲ್ ಸಾಗಿಸುವುದನ್ನೂ ಆಳಬಹುದು, 3 (6.2) ಅಂದರೆ ಫೈಲ್ ಮೊಟಕುಗೊಳಿಸುವುದನ್ನೂ, 4 (6.7) ಅಂದರೆ ಟಿಸಿಪಿ ಪೋರ್ಟುಗಳನ್ನೂ ತಡೆಯಬಹುದು. ಸಂಖ್ಯೆ ನೋಡಿ, ಗೊತ್ತಿಲ್ಲದ ಬಿಟ್ಟುಗಳನ್ನು ಕಳಚಿ, ಎಷ್ಟು ಸಿಗುತ್ತದೋ ಅಷ್ಟು ಬೇಲಿ ಹಾಕಿಕೊಳ್ಳಿ. ಆದರೆ ಬೇಲಿ ಎಷ್ಟೆತ್ತರಕ್ಕೆ ಬಂತು ಎಂದು ಲಾಗ್‌ನಲ್ಲಿ ಒಂದು ಸಾಲು ಬರೆಯಿರಿ. ‘ಸ್ಯಾಂಡ್‌ಬಾಕ್ಸ್ ಸಿದ್ಧ’ ಎಂದು ಬರೆದು ಒಳಗೆ ಏನೂ ಹಾಕದಿದ್ದರೆ, ಅದನ್ನು ನಂಬಿ ಮಲಗಿದವನಿಗೆ ಮೋಸ ಮಾಡಿದಂತೆ. ಬೇಲಿ ಕಡ್ಡಾಯ ಎಂದು ಆಡಳಿತಗಾರ ಹೇಳಲು ಒಂದು ಆಯ್ಕೆಯನ್ನೂ ಇಡಿ.

‘ಆಯ್ತು’ ಎಂದು ಮಾಡದೆ ಬಿಡುವುದು

ಇಲ್ಲ ಎನ್ನುವುದಕ್ಕಿಂತ ಕಷ್ಟದ್ದು, ಹೂಂ ಎಂದು ಸುಮ್ಮನಿರುವುದು. ಹಳೆಯ ‘ಓಪನ್’ ಕರೆ ತನಗೆ ಗೊತ್ತಿಲ್ಲದ ಫ್ಲ್ಯಾಗನ್ನು ಕಡೆಗಣಿಸುತ್ತದೆ. ದೂರುವುದಿಲ್ಲ. 3.11ರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲ್ ತೆರೆಯುವ ಓ-ಟೆಂಪ್‌ಫೈಲ್ ಫ್ಲ್ಯಾಗ್ ಸೇರಿಸುವಾಗ ಈ ತೊಡಕು ಎದುರಿತ್ತು. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು: ಹೊಸ ಫ್ಲ್ಯಾಗಿನೊಳಗೆ ‘ಇದು ಡೈರೆಕ್ಟರಿಯಾಗಿರಲೇಬೇಕು’ ಎಂಬ ಹಳೆಯ ಬಿಟ್ಟನ್ನೂ ಸೇರಿಸಿದರು. ಹೊಸದನ್ನು ಅರಿಯದ ಕರ್ನಲ್ ಡೈರೆಕ್ಟರಿಯನ್ನು ಬರೆಯಲು ತೆರೆಯುವಂತಿಲ್ಲ ಎಂದು ಇ-ಇಸ್‌ಡಿರ್, 21, ಕೊಟ್ಟು ಸೋಲುತ್ತದೆ. ಆದ್ದರಿಂದ ಇಲ್ಲಿ ‘ಇದು ಡೈರೆಕ್ಟರಿ’ ಎಂಬ ದೋಷದ ಅರ್ಥ ‘ನನ್ನ ಕರ್ನಲ್ ಹಳೆಯದು’ ಎಂದು. ಫೈಲ್‌ಸಿಸ್ಟಮಿಗೆ ಆಗದಿದ್ದರೆ ಇ-ಆಪ್‌ನಾಟ್‌ಸಪ್. ಎರಡಕ್ಕೂ ಹಿಂದೆ ಸರಿಯುವ ದಾರಿ ಬರೆದಿರಬೇಕು. ಫೈಲನ್ನು ಮೆಮೊರಿಗೆ ಜೋಡಿಸುವ ಎಂ-ಮ್ಯಾಪ್‌ಗೂ ಇದೇ ರೋಗವಿತ್ತು, ಗೊತ್ತಿಲ್ಲದ ಫ್ಲ್ಯಾಗ್ ಬಂದರೆ ಸೋಲು ಎನ್ನುವ ಹೊಸ ಬಗೆಯನ್ನು 4.15ರಲ್ಲಿ ಸೇರಿಸಿದರು. 5.6ರ ಓಪನ್‌ಅಟ್2 ಹುಟ್ಟಿದಂದಿನಿಂದಲೇ ಕಟ್ಟುನಿಟ್ಟು.

ಕಾಪಿ-ಫೈಲ್-ರೇಂಜ್ ಇನ್ನೊಂದು ಬಗೆ. ಪ್ರಾಕ್ ಒಳಗಿನ ಫೈಲುಗಳನ್ನು ನಕಲು ಮಾಡಲು ಹೋದರೆ ಕೆಲವು ಕರ್ನಲುಗಳು ಸೋಲದೆ ಸೊನ್ನೆ ಬೈಟ್ ಎಂದು ಹಿಂದಿರುಗಿಸುತ್ತಿದ್ದವು, ಪ್ರೋಗ್ರಾಂ ಫೈಲ್ ಮುಗಿಯಿತೆಂದು ತಿಳಿದು ಖಾಲಿ ನಕಲು ಬಿಟ್ಟು ಹೋಗುತ್ತಿತ್ತು. ಮೊದಲ ಕರೆಯಲ್ಲೇ ಸೊನ್ನೆ ಬಂದರೆ ಸಾಮಾನ್ಯ ರೀಡ್-ರೈಟ್‌ನಲ್ಲಿ ಒಮ್ಮೆ ಓದಿ ನೋಡಿ.

ಹಿಂದಿನ ದಾರಿಯನ್ನು ಓಡಿಸಿ ನೋಡಿದ್ದೀರಾ?

ಫಾಲ್‌ಬ್ಯಾಕ್ ಕೋಡ್ ಬರೆದವರ ಯಂತ್ರದಲ್ಲಿ ಅದು ಎಂದೂ ಓಡುವುದಿಲ್ಲ, ಏಕೆಂದರೆ ಅವರ ಕರ್ನಲ್ ಹೊಸದು. ಹಳೆಯ ಕರ್ನಲ್ ಹುಡುಕಬೇಕಾಗಿಲ್ಲ. ಎಸ್‌ಟ್ರೇಸಿನ ‘ಇಂಜೆಕ್ಟ್’ ಆಯ್ಕೆಗೆ ಕರೆಯ ಹೆಸರು, ದೋಷದ ಹೆಸರು ಕೊಟ್ಟರೆ ಆ ಕರೆ ಕರ್ನಲಿಗೆ ಹೋಗದೆ ನೀವು ಹೇಳಿದ ಉತ್ತರವನ್ನೇ ತರುತ್ತದೆ. ಕ್ಲೋನ್3ಕ್ಕೆ ಇ-ನೋಸಿಸ್ ಹಾಕಿ ಓಡಿಸಿ, ಪ್ರೋಗ್ರಾಂ ಏನೂ ಆಗದಂತೆ ಕೆಲಸ ಮಾಡಬೇಕು. ಇ-ಪರ್ಮ್ ಹಾಕಿ ಓಡಿಸಿ, ಯಾವ ಕರೆ, ಯಾವ ಸಂಖ್ಯೆ ಎಂದು ಸ್ಪಷ್ಟವಾಗಿ ಹೇಳಿ ನಿಲ್ಲಬೇಕು. ನಾನು ಈ ಎರಡನ್ನೂ ಪ್ರತಿ ಬಿಡುಗಡೆಯ ಪರೀಕ್ಷೆಯಲ್ಲಿ ಸೇರಿಸಿಟ್ಟಿದ್ದೇನೆ.

ದೋಷವಾಕ್ಯಕ್ಕೂ ಒಂದು ಮಾತು. ‘ಥ್ರೆಡ್ ಹುಟ್ಟಲಿಲ್ಲ’ ಎಂದಷ್ಟೇ ಬರೆಯಬೇಡಿ. ‘ಕ್ಲೋನ್3 ಕರೆಗೆ 1 ಬಂತು, ಸೆಕ್‌ಕಾಂಪ್ ಸ್ಥಿತಿ 2’ ಎಂದು ಬರೆದಿದ್ದರೆ ಆ ಹುಡುಗ ರಾತ್ರಿ ಹತ್ತಕ್ಕೇ ಮಲಗುತ್ತಿದ್ದ.

ಅವನ ಸರ್ವರಿನಲ್ಲಿ ಎಂಜಿನ್ ಮತ್ತು ಲಿಬ್‌ಸೆಕ್‌ಕಾಂಪ್ ಏರಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಕರ್ನಲ್ 4.15 ಆಗಿಯೇ ಉಳಿಯಿತು. ಸಂಜೆ ಎಸ್‌ಟ್ರೇಸ್ ಮತ್ತೆ ಅಂಟಿಸಿ ಎರಡು ಸಾಲು ಕಳಿಸಿದ: ಕ್ಲೋನ್3, ಮೈನಸ್ ಒಂದು, ಇ-ನೋಸಿಸ್. ಅದರ ಕೆಳಗೇ ಕ್ಲೋನ್, ಮತ್ತು ಹೊಸ ಥ್ರೆಡ್ಡಿನ ಸಂಖ್ಯೆ.